ನಾಕ್‌ಡಾರಾ ಗುಡ್ಡದ ಹಳದಿ ಗೀಟು

ಡೋಲನ್ ಮನೆ, ನಾಕ್‌ಡಾರಾ,
ಲೀಟ್ರಿಮ್
24 ಏಪ್ರಿಲ್ 1983

ಪ್ರೀತಿಯ ಅಪ್ಪಾ,

ಮದುವೆಯಾಗಿ ಎರಡು ವಾರವಾಯಿತು, ನನ್ನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಫಿಂಟನ್‌ನ ಬೂಟಿನ ಸದ್ದು ಕೇಳಿದರೂ ನಗು ಬರುತ್ತದೆ. ಅವನು ಚಹಾದ ಲೋಟವನ್ನು ಎಲ್ಲೆಂದರಲ್ಲಿ ಮರೆಯುತ್ತಾನೆ. ನಿನ್ನೆ ಒಂದು ಕೋಳಿಗೂಡಿನಲ್ಲಿ ಸಿಕ್ಕಿತು, ಕೋಳಿ ಅದಕ್ಕೆ ಕಾವು ಕೊಡುತ್ತಿತ್ತು. ಇದನ್ನು ಅಮ್ಮನಿಗೆ ತಪ್ಪದೆ ಓದಿ ಹೇಳು.

ಇಲ್ಲಿನ ಅಡುಗೆಮನೆಯ ಕಿಟಕಿಯಲ್ಲಿ ಆಕಾಶವೇ ಇಲ್ಲ, ಬರೀ ಗುಡ್ಡ. ಡ್ರಾಹೆಡಾದಲ್ಲಿ ಬೆಳಿಗ್ಗೆ ಎದ್ದು ಸಿಮೆಂಟ್ ಕಾರ್ಖಾನೆಯ ಚಿಮಣಿ ನೋಡುತ್ತಿದ್ದವಳಿಗೆ ಈಗ ಈ ಭಾಗ್ಯ. ದೊಡ್ಡ ಗುಡ್ಡವೇನಲ್ಲ, ದೊಡ್ಡ ಬೆಟ್ಟಗಳ ಕೆರ್ರಿಯವರು ಕಂಡರೆ ನಕ್ಕಾರು. ಆದರೆ ಬುಡದಿಂದ ತಲೆಯವರೆಗೆ ಕಪ್ಪು ಸ್ಪ್ರೂಸ್ ಮರ ಹೊದ್ದುಕೊಂಡು ಕುಳಿತಿರುವ ಅದರ ಠೀವಿ ನೋಡಬೇಕು. ಅಕ್ಟೋಬರಿನಲ್ಲಿ ಆ ಕಪ್ಪಿನ ನಡುವೆ ಒಂದು ಹಳದಿ ಗೀಟು ಮೂಡುತ್ತದಂತೆ, ಯಾರೋ ಬಳಪ ಹಿಡಿದು ಕೈ ನಡುಗಿಸುತ್ತ ಎಳೆದ ಹಾಗೆ. ಊರವರು ಅದನ್ನು ಅರಣ್ಯ ಇಲಾಖೆಯವರ ಎಡವಟ್ಟು ಎನ್ನುತ್ತಾರೆ. ಅದು ಮೂಡಿದ ದಿನ ನನ್ನನ್ನು ಅಂಗಳಕ್ಕೆ ಎತ್ತಿಕೊಂಡು ಬಂದು ತೋರಿಸುತ್ತೇನೆಂದು ಫಿಂಟನ್ ಮಾತು ಕೊಟ್ಟಿದ್ದಾನೆ.

ಅಪ್ಪಾ, ಇದು ನೀನು ಹುಟ್ಟಿದ ಗುಡ್ಡ. ಇಪ್ಪತ್ತಮೂರು ವರ್ಷ ನಿನ್ನ ಮನೆಯಲ್ಲಿ ಬೆಳೆದರೂ ಇದರ ಹೆಸರನ್ನು ನಿನ್ನ ಬಾಯಲ್ಲಿ ಕೇಳಲಿಲ್ಲ. ಡಬ್ಲಿನ್‌ನಲ್ಲಿ ಕುಣಿಯುವಾಗ ಸಿಕ್ಕಿದ ಹುಡುಗನ ಮನೆತನ ಡೋಲನ್ ಎಂದು ನಾನು ಹೇಳಿದ ದಿನ ನೀನು ಪತ್ರಿಕೆ ಮಡಿಸಿ ಎದ್ದು ಹೋದೆ. ಮದುವೆಯ ದಿನ ನನ್ನ ಕೈಹಿಡಿದು ಚರ್ಚಿನೊಳಗೆ ನಡೆಸಿದೆ, ಹಣೆಗೆ ಮುತ್ತು ಕೊಟ್ಟೆ, ಊಟಕ್ಕೆ ಕೂರದೆ ಬಸ್ಸು ಹತ್ತಿದೆ. ನಾನು ದೂರುತ್ತಿಲ್ಲ. ಫಿಂಟನ್‌ನ ಅಪ್ಪ ಬಾರ್ನಿ ಮಾವ ನಿನ್ನ ತಟ್ಟೆಯನ್ನು ಸಂಜೆಯವರೆಗೂ ಎತ್ತಲು ಬಿಡಲಿಲ್ಲ, ಅಷ್ಟು ಹೇಳಬೇಕೆನಿಸಿತು.

ಜುಲೈ ಕೊನೆಯ ಭಾನುವಾರ, ಗುಡ್ಡದ ಫ್ರಾಹನ್ ಹಣ್ಣು ಬಿಡಿಸುವ ಹಬ್ಬಕ್ಕೆ ಬಾ. ಈ ಮನೆಯಲ್ಲಿ ನನ್ನ ಕೈಯಡುಗೆಯ ಒಂದು ಊಟ ಮಾಡು. ನನಗೆ ಬೇಕಾದ ಉಡುಗೊರೆ ಅದೊಂದೇ.

ನಿನ್ನ ಹುಚ್ಚು ಮಗಳು,
ಡಿಂಪ್ನಾ


ಡ್ರಾಹೆಡಾ
9 ಮೇ 1983

ಡಿಂಪ್ನಾ,

ಕಾಗದ ಬಂತು. ಚೆನ್ನಾಗಿದ್ದೀಯೆಂದು ತಿಳಿದು ಸಂತೋಷ. ಕೋಳಿಗೂಡಿನ ತಗಡಿನ ಮೇಲೆ ಕಲ್ಲು ಹೇರಿಸು. ಆ ಊರಿನ ಪಡುವಣ ಗಾಳಿಗೆ ಕರುಣೆ ಇಲ್ಲ.

ಗುಡ್ಡದ ವಿಷಯ ಕೇಳಿದ್ದೀಯ, ಒಂದು ಸಲ ಹೇಳಿಬಿಡುತ್ತೇನೆ. ನನ್ನ ಅಮ್ಮ ಪ್ರತಿ ಹಣ್ಣಿನ ಭಾನುವಾರ ಊರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ನಾಕ್‌ಡಾರಾ ಹತ್ತುತ್ತಿದ್ದಳು. ನಮ್ಮ ಮನೆಯ ಹಿಂದಿನಿಂದ ದಾರಿ. ಹಳ್ಳದಲ್ಲಿ ಬಿಳಿ ಕಲ್ಲೊಂದನ್ನು ಆರಿಸಿಕೊಂಡು ಹೋಗಿ ತುದಿಯ ಗುಪ್ಪೆಗೆ ಹಾಕಬೇಕು, ಆಮೇಲೆ ಹಣ್ಣಿಗೆ ಕೈ ಹಾಕಬೇಕು. ಗುಡ್ಡ ಡೋಲನ್‌ನ ಹೆಸರಿನಲ್ಲಿತ್ತು, ದಾರಿ ಎಲ್ಲರದ್ದು. ಅವನು ಸರ್ಕಾರಕ್ಕೆ ಗುಡ್ಡ ಮಾರಿದ. ಅಷ್ಟೇ ಅಲ್ಲ, ಅದೇ ಸರ್ಕಾರದ ಕೂಲಿಯಾಗಿ ತನ್ನ ಕೈಯಾರೆ ದಾರಿಯ ಮೇಲೆ ಗಿಡ ನೆಟ್ಟ. ಬೇಲಿ ಬಂತು. ಆ ಜುಲೈಯಲ್ಲಿ ಅಮ್ಮ ಬೇಲಿಯ ತನಕ ನಡೆದು, ಮುಳ್ಳುತಂತಿ ಮುಟ್ಟಿ ವಾಪಸ್ಸು ಬಂದಳು. ಮುಂದಿನ ಜುಲೈಗೆ ಅವಳಿರಲಿಲ್ಲ. ಡೋಲನ್ ನನ್ನ ಗೆಳೆಯನಾಗಿದ್ದ.

ಅಮ್ಮ ನಡೆದ ದಾರಿಯಲ್ಲೇ ನಡೆದು ನೀನು ತುದಿ ಮುಟ್ಟಿದ ದಿನ ಬರೆ. ನಾನು ಬಂದು ಅವನ ಮೇಜಿಗೆ ಕೂರುತ್ತೇನೆ. ಆ ದಾರಿ ಈಗ ಇಲ್ಲ. ಹಾಗಾಗಿ ನಾನು ಬರುವುದಿಲ್ಲ.

ಇತಿ ನಿನ್ನ ತಂದೆ,
ಮಾರ್ಟಿನ್ ಗಿಲ್‌ಹೂಲಿ

ಡಿಂಪ್ನಾ, ಅಂಚೆಗೆ ಹಾಕುವ ನೆಪದಲ್ಲಿ ನಾನೊಂದು ಸಾಲು ಸೇರಿಸುತ್ತಿದ್ದೇನೆ. ತಟ್ಟೆಯ ವಿಷಯ ಬರೆದಿದ್ದೆಯಲ್ಲ, ಅದನ್ನು ಅವರು ಎರಡು ಸಲ ಓದಿದರು. ಲೋಟಕ್ಕೆ ಕಾವು ಕೊಟ್ಟ ಕೋಳಿಗೆ ನನ್ನ ಪ್ರೀತಿ. ಅಮ್ಮ.


ನಾಕ್‌ಡಾರಾ
5 ಜೂನ್ 1983

ಪ್ರೀತಿಯ ಅಪ್ಪಾ,

ನೀನು "ಇಲ್ಲ" ಎಂದು ಬರೆದದ್ದು ನನ್ನ ಕಣ್ಣಿಗೆ "ಹುಡುಕು" ಎಂದೇ ಕಂಡಿತು. ನಾನು ನಿನ್ನ ಮಗಳಲ್ಲವೇ.

ಹೋದ ಭಾನುವಾರ ಪ್ರಾರ್ಥನೆ ಮುಗಿಸಿ, ಬ್ರೆಡ್ಡು ಬೆಣ್ಣೆ ಕಟ್ಟಿಕೊಂಡು, ಇಲಾಖೆಯ ಕಬ್ಬಿಣದ ಗೇಟಿನಿಂದ ನಾನೂ ಫಿಂಟನ್ನೂ ಒಳಹೊಕ್ಕೆವು. ಅಪ್ಪಾ, ಆ ಕತ್ತಲೆ! ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ದೀಪ ಆರಿಸಿದ ಚರ್ಚು. ಹಕ್ಕಿ ಇಲ್ಲ, ಹುಲ್ಲಿಲ್ಲ, ಕಂದು ಸೂಜಿಯೆಲೆ ಹಾಸಿದ ಮೆತ್ತನೆ ನೆಲ. ಮುತ್ತು ಕೊಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ದಾರಿ ಹುಡುಕಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಮೊದಲನೆಯದನ್ನು ಹೆಚ್ಚು ಮಾಡಿದ್ದರಿಂದಲೋ ಏನೋ, ಎಲ್ಲಿದ್ದೇವೆಂಬುದೇ ತಿಳಿಯದಾಯಿತು. ಮೇಲೆ ಹತ್ತುತ್ತಿದ್ದೇವೆ ಎಂದುಕೊಂಡರೆ ಕಾಲ ಕೆಳಗೆ ನೀರು ಸಿಗುತ್ತದೆ. ಅದೇ ಬಿದ್ದ ಮರವನ್ನು ಮತ್ತೆ ಮತ್ತೆ ದಾಟಿದೆವು.

ಫಿಂಟನ್ ನಿಂತ. "ಡಿಂಪ್, ನಾವು ಮರುಳು ಹುಲ್ಲು ತುಳಿದಿದೀವಿ," ಎಂದ. ಅದನ್ನು ತುಳಿದವರಿಗೆ ದಾರಿ ತಪ್ಪುತ್ತದಂತೆ, ಕೋಟು ತಿರುವಿ ತೊಟ್ಟರೆ ಮರುಳು ಬಿಡುತ್ತದಂತೆ. ಕೃಷಿ ಕಾಲೇಜಿನಲ್ಲಿ ಓದಿದ ಮನುಷ್ಯ ಇವನು. ತಾನು ಕೋಟು ಬಿಚ್ಚಿ ಒಳಮೈ ಹೊರಗೆ ಮಾಡಿ ತೊಟ್ಟುಕೊಂಡು, ನನ್ನದನ್ನೂ ತಿರುವಿ ಹಾಕಿಸಿದ. ನಾನು ನಗುತ್ತಲೇ ತೊಟ್ಟುಕೊಂಡೆ. ನಗುವಿನ ಅಡಿಯಲ್ಲಿ ಪುಕ್ಕಲೂ ಇತ್ತೆಂದು ನಿನಗೆ ಮಾತ್ರ ಹೇಳುತ್ತೇನೆ. ಸ್ವಲ್ಪ ಹೊತ್ತಿಗೇ ಬೆಳಕು ಕಂಡಿತು. ಹೊರಬಿದ್ದರೆ ಅದು ಗುಡ್ಡದ ಆಚೆ ಬದಿ, ಬೇರೆಯೇ ಊರು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ನಮ್ಮ ಮುಖ ನೋಡಲಿಲ್ಲ, ಕೋಟು ನೋಡಿದಳು. ಯಾರು, ಎಲ್ಲಿಂದ, ಏನೂ ಕೇಳಲಿಲ್ಲ.

"ಕೋಟು ಸರಿ ಮಾಡ್ಕೊಂಡು ಒಳಗ್ ಬನ್ನಿ. ಕೆಟಲು ಒಲೆ ಮೇಲಿದೆ," ಎಂದಳು.

ಸೋಡಾ ಬ್ರೆಡ್ಡು, ತಣ್ಣನೆಯ ಕೋಳಿ, ಬೆಲ್ಲದ ಪಾಕದಂಥ ಚಹಾ. ಆಮೇಲೆ ಅವಳ ಗಂಡ ಟ್ರ್ಯಾಕ್ಟರಿನಲ್ಲಿ ನಮ್ಮನ್ನು ಮನೆಗೆ ತಂದು ಬಿಟ್ಟ, ದಾರಿಯುದ್ದಕ್ಕೂ ನಕ್ಕ. ಬಾರ್ನಿ ಮಾವ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಉಬ್ಬಸ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. ಯಾವ ಕಡೆಯಿಂದ ಹತ್ತಿದಿರೆಂದು ಕೇಳಿದರು. ಗೇಟಿನಿಂದ ಎಂದೆವು. ಏನೋ ಹೇಳಲು ಬಾಯಿ ತೆರೆದರು. ನಾನು, ಅಪ್ಪ ಬರೆದಿದ್ದಾನೆ, ಗಿಲ್‌ಹೂಲಿ ದಾರಿ ಹುಡುಕುತ್ತಿದ್ದೇನೆ ಎಂದೆ. ತೆರೆದ ಬಾಯಿ ಮುಚ್ಚಿತು. ಒಳಗೆ ಹೋಗಿ ಒಲೆಗೆ ಉರಿಸುವ ಪೀಟ್ ಹೆಂಟೆ ಹಾಕಿದರು, ಒಲೆ ಧಗಧಗಿಸುತ್ತಿದ್ದರೂ.

ಸೋತಿದ್ದೇನೆ ಎಂದುಕೊಳ್ಳಬೇಡ.

ಒಳಮೈ ಹೊರಗಾದ ನಿನ್ನ
ಡಿಂಪ್ನಾ


ಡ್ರಾಹೆಡಾ
19 ಜೂನ್ 1983

ಡಿಂಪ್ನಾ,

ಗೇಟಿನಿಂದ ಹೋಗು ಎಂದು ನಿನಗೆ ಹೇಳಿದವರು ಯಾರು? ಗೇಟು ಲಾರಿಗಳಿಗೆ. ಮನುಷ್ಯರು ನಮ್ಮ ಮನೆಯ ಹಿಂದಿನಿಂದ ಹತ್ತುತ್ತಿದ್ದರು. ಮನೆ ಬಿದ್ದಿರಬೇಕು, ಆದರೆ ಹಿತ್ತಿಲಿಂದ ಹೊರಟು ಮೇಲಕ್ಕೆ ಹೋಗುವ ಕಲ್ಲಿನ ಗೋಡೆ ಎಲ್ಲಿಗೂ ಹೋಗಿರುವುದಿಲ್ಲ. ಕಾಡು ಬೆಳೆಸುವವರು ಕಲ್ಲು ಹೊರುವುದಿಲ್ಲ. ಗೋಡೆಗೆ ಎಡಗೈ ತಾಗಿಸಿಕೊಂಡು ನಡೆ. ಗೋಡೆ ಮುಗಿದಲ್ಲಿ ಒಂಟಿ ಮುಳ್ಳುಮರ ಇರಬೇಕು. ಅದನ್ನು ಯಾರೂ ಕಡಿದಿರಲಾರರು. ಅದು ಗುಡ್ಡದೊಳಗಿನ, ಕಣ್ಣಿಗೆ ಕಾಣದ ಆ ಜನರ ಮರ, ಸರ್ಕಾರದ್ದಲ್ಲ. ಇಲಾಖೆಯವನು ಎಷ್ಟೇ ಕೂಗಾಡಿರಲಿ, ಲೀಟ್ರಿಮ್‌ನ ಯಾವ ಕೂಲಿಯೂ ಅದರ ಹತ್ತಿರ ಗುದ್ದಲಿ ಒಯ್ಯುವುದಿಲ್ಲ.

ಅಲ್ಲಿಂದ ಮುಂದಕ್ಕೆ ಗುರುತಿಲ್ಲ. ಅಲ್ಲಿಂದ ಮೇಲೆ ಅಮ್ಮನ ಕಾಲೇ ಗುರುತು. ಎಲ್ಲಿ ನೆಲ ಕುಸಿಯುತ್ತದೆ, ಎಲ್ಲಿ ಗಟ್ಟಿ ಎಂದು ಅವಳಿಗೆ ಗೊತ್ತಿತ್ತು. ಹಾವಿನ ಹಾಗೆ ಸುತ್ತಿ ಹತ್ತುತ್ತಿದ್ದಳು. ಅದನ್ನು ನೀನು ಹುಡುಕಲಾರೆ. ಮುಳ್ಳುಮರದಿಂದ ಹಿಂದಿರುಗು. ಕೋಟು ಸರಿಯಾಗಿ ತೊಟ್ಟುಕೋ.

ಇತಿ,
ನಿನ್ನ ತಂದೆ

ಅವರು ಮೇಜಿನ ಮೇಲೆ ಸಕ್ಕರೆ ಸುರಿದು ಗುಡ್ಡ ಮಾಡಿ, ಚಮಚದ ಹಿಡಿಯಲ್ಲಿ ದಾರಿ ಗೀಚಿ ತೋರಿಸಿದರು, ಮಗಳೇ. ಇರುವೆ ಬಂದರೂ ಒರೆಸಲು ಬಿಡಲಿಲ್ಲ. ಅಮ್ಮ.


ನಾಕ್‌ಡಾರಾ
10 ಜುಲೈ 1983

ಅಪ್ಪಾ, ಅಪ್ಪಾ, ಅಪ್ಪಾ!

ಲಕೋಟೆಯಿಂದ ಕಲ್ಲು ಬಿದ್ದಿರಬೇಕು. ಕಾಣದಿದ್ದರೆ ನೆಲದ ಮೇಲೆ ಹುಡುಕು. ಅಂಚೆ ಕಚೇರಿಯಾಕೆ ಕಲ್ಲನ್ನೆಲ್ಲ ಅಂಚೆಗೆ ಹಾಕಬಾರದೆಂದಳು. ಇದು ಕಲ್ಲಲ್ಲ, ನನ್ನ ತಂದೆ ಕೊಟ್ಟ ಮಾತಿನ ರಸೀದಿ ಎಂದೆ. ತುದಿಯ ಗುಪ್ಪೆಯಿಂದ ತಂದ ಬಿಳಿ ಕಲ್ಲು ಅದು. ಅದರ ಜಾಗದಲ್ಲಿ ನನ್ನದೊಂದು ಕಲ್ಲು ಹಾಕಿ ಬಂದಿದ್ದೇನೆ, ಹೆದರಬೇಡ, ಲೆಕ್ಕ ತಪ್ಪಿಲ್ಲ.

ಈಗ ಸಮಾಧಾನವಾಗಿ ಬರೆಯುತ್ತೇನೆ. ನಿನ್ನ ಮನೆಯ ಚಾವಣಿ ಬಿದ್ದಿದೆ, ತುರಿಕೆಗಿಡ ಎದೆಯೆತ್ತರ. ಆದರೆ ಗೋಡೆ ನೀನು ಹೇಳಿದಂತೆಯೇ ಸ್ಪ್ರೂಸ್ ಮರಗಳ ನಡುವೆ ಪಾಚಿಯ ಕಂಬಳಿ ಹೊದ್ದು ಮೇಲಕ್ಕೆ ಹೋಗುತ್ತದೆ. ತುಕ್ಕು ಹಿಡಿದು ಬಿದ್ದ ಮುಳ್ಳುತಂತಿ ದಾಟಿ, ಎಡಗೈ ಗೋಡೆಯ ಮೇಲಿಟ್ಟುಕೊಂಡು ನಡೆದೆ. ಅಂಗೈ ಹಸಿರಾಯಿತು. ಗೋಡೆ ಮುಗಿಯಿತು, ಅಲ್ಲಿ ಕತ್ತಲೆಯೂ ಮುಗಿಯಿತು. ಒಂದು ಬಾವಿಯಷ್ಟು ಅಗಲದ ಬಿಸಿಲು, ಅದರ ಮಧ್ಯೆ ಗಾಳಿಗೆ ಬೆನ್ನು ಕೊಟ್ಟು ಬಾಗಿದ ಮುಳ್ಳುಮರ. ಸುತ್ತ ಒಂದು ಗಿಡವನ್ನೂ ಯಾರೂ ನೆಟ್ಟಿಲ್ಲ. ಫಿಂಟನ್ ಟೋಪಿ ತೆಗೆದ.

ನೀನು ಅಲ್ಲಿಂದ ಹಿಂದಿರುಗಲು ಹೇಳಿದ್ದೆ. ನಾನು ಸುಮ್ಮನೆ ತಲೆಯೆತ್ತಿ ನೋಡಿದೆ. ಎಲ್ಲೆಲ್ಲೂ ಕಪ್ಪು ಹಸಿರು, ಒಂದೇ ಒಂದು ಕಡೆ ಎಳೆ ಹಸಿರು. ಹತ್ತಿರ ಹೋಗಿ ಮುಟ್ಟಿದರೆ ಕೂಸಿನ ಕೂದಲಿನಷ್ಟು ಮೆತ್ತಗೆ. "ಇದು ಸ್ಪ್ರೂಸ್ ಅಲ್ಲ, ಲಾರ್ಚು," ಎಂದ ಫಿಂಟನ್, "ಚಳಿಗಾಲಕ್ಕೆ ಎಲೆ ಉದುರಿಸೋ ಮರ." ಅದರ ಆಚೆ ಇನ್ನೊಂದು. ಆಚೆ ಮತ್ತೊಂದು. ಎರಡು ಸಾಲು ಲಾರ್ಚ್, ನಡುವೆ ಹುಲ್ಲು, ಹುಲ್ಲಿನ ಮೇಲೆ ಬಿಸಿಲು. ಬಲಕ್ಕೆ ಹೊರಳುತ್ತದೆ, ಎಡಕ್ಕೆ ಹೊರಳುತ್ತದೆ. ಸಾಲು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟೆ, ಮೊಣಕಾಲಿನವರೆಗೆ ಕೆಸರು. ಸಾಲಿನೊಳಗೆ ಎಲ್ಲೆಲ್ಲೂ ಗಟ್ಟಿ.

ಫಿಂಟನ್ ಇದ್ದಕ್ಕಿದ್ದಂತೆ ಕುಳಿತುಬಿಟ್ಟ. ಹುಟ್ಟಿದಾಗಿನಿಂದ ಪ್ರತಿ ಅಕ್ಟೋಬರಿನಲ್ಲೂ ಅಂಗಳದಿಂದ ನೋಡಿದ ಹಳದಿ ಗೀಟಿನ ಒಳಗೇ ತಾನೀಗ ಕುಳಿತಿದ್ದೇನೆಂದು ಅವನಿಗೆ ಹೊಳೆದಿತ್ತು.

ತುದಿಯಲ್ಲಿ ಮರಗಳಿಲ್ಲ. ಹೀದರ್ ಪೊದೆ, ಗಾಳಿ, ಬಿಳಿ ಕಲ್ಲಿನ ಗುಪ್ಪೆ, ಕಾಲಿಟ್ಟಲ್ಲೆಲ್ಲ ಫ್ರಾಹನ್. ಇನ್ನೂ ಕೆಂಪು, ಕೊನೆಯ ಭಾನುವಾರಕ್ಕೆ ಕಪ್ಪಾಗುತ್ತದೆ. ನಾನು ಅಲ್ಲಿ ನಿಂತು ನಿನ್ನ ಹೆಸರನ್ನು ಕಿರುಚಿದೆ, ಮೂರು ಜಿಲ್ಲೆಗೆ ಕೇಳಿರಬೇಕು.

ಮನೆಗೆ ಬಂದು ಮಾವನ ಮುಂದೆ ನಿಂತೆ. ಆ ಲಾರ್ಚ್ ಯಾರು ನೆಟ್ಟರೆಂದು ಕೇಳಿದೆ. ಅವರು ಪಕ್ಕದ ಕುರ್ಚಿ ತೋರಿಸಿ ಕೂರಿಸಿದರು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಗುಡ್ಡ ಮಾರಿದ್ದು ನಿಜ. ಆ ವರ್ಷ ಊರಿನ ಅರ್ಧ ಹುಡುಗರು ಇಂಗ್ಲೆಂಡಿನ ಹಡಗು ಹತ್ತಿದ್ದರು. ಗುಡ್ಡ ಕೊಟ್ಟರೆ ಉಳಿದವರಿಗೆ ಇಲ್ಲೇ ಕೂಲಿ ಎಂದಿತು ಇಲಾಖೆ. ದಾರಿ ಬಿಡಿ ಎಂದು ಇವರು ಕೇಳಿದರು, ಮೇಸ್ತ್ರಿ ಒಪ್ಪಲಿಲ್ಲ. ರಸ್ತೆಯಂಚಿಗೆ ಚೆಂದಕ್ಕೆಂದು ಒಂದಿಷ್ಟು ಲಾರ್ಚ್ ಸಸಿ ಬಂದಿತ್ತು. ಮೇಸ್ತ್ರಿ ಊಟಕ್ಕೆ ಹೋದಾಗಲೆಲ್ಲ ಅದನ್ನು ಕೋಟಿನೊಳಗೆ ತುರುಕಿಕೊಂಡು ಹೋಗಿ ದಾರಿಯ ಎರಡು ಬದಿಗೂ ನೆಟ್ಟರು. ಲಾರ್ಚ್ ಕೆಳಗೆ ಹುಲ್ಲು ಸಾಯುವುದಿಲ್ಲ, ದಾರಿ ಉಳಿಯುತ್ತದೆ ಎಂಬ ಲೆಕ್ಕ. ಬೇಲಿ ಮಾತ್ರ ಅವರ ಕೈಯಲ್ಲಿರಲಿಲ್ಲ.

ಯಾಕೆ ಯಾರಿಗೂ ಹೇಳಲಿಲ್ಲ ಎಂದೆ.

"ನಿಮ್ಮಜ್ಜಿ ತೀರಿಕೊಂಡ ಮೇಲೆ ತಡೆಯೋಕಾಗ್ದೆ ಹೇಳೋಕೆ ಹೋಗಿದ್ದೆ ಕಣಮ್ಮ. ನಿಮ್ಮಪ್ಪ ಬಾಗ್ಲು ತೆಗೀಲಿಲ್ಲ. ಆಗ ಗಿಡ ಮೊಣಕಾಲುದ್ದ, ತೋರಿಸೋಕಾದ್ರೂ ಏನಿತ್ತು? ಕಾಣೋ ಹೊತ್ತಿಗೆ ಅವನು ಊರಲ್ಲಿರಲಿಲ್ಲ."

ಫಿಂಟನ್‌ಗಾದರೂ ಹೇಳಬಹುದಿತ್ತಲ್ಲ ಎಂದರೆ, ಮೊದಲು ತಿಳಿಯಬೇಕಾದವನು ತಿಳಿಯದೆ ಬೇರೆಯವರಿಗೆ ಹೇಳುವುದು ಹೇಗೆ ಎಂದರು.

ಅಪ್ಪಾ, ಅಜ್ಜಿ ನಡೆದ ದಾರಿಯಲ್ಲೇ ನಡೆದು ತುದಿ ಮುಟ್ಟಿದ್ದೇನೆ. ಕಲ್ಲು ನಿನ್ನ ಕೈಯಲ್ಲಿದೆ. ಹಣ್ಣಿನ ಭಾನುವಾರಕ್ಕೆ ಊರಿಗೆಲ್ಲ ಹೇಳಿಯಾಗಿದೆ.

ಗೆದ್ದ ನಿನ್ನ ಮಗಳು,
ಡಿಂಪ್ನಾ


ಡ್ರಾಹೆಡಾ
22 ಜುಲೈ 1983

ಡಿಂಪ್ನಾ,

ನಿನ್ನಪ್ಪ ಉತ್ತರ ಬರೆಯಲಿಲ್ಲವೆಂದು ಕೊರಗಬೇಡ. ಕಲ್ಲು ಕೋಟಿನ ಜೇಬಿನಲ್ಲಿದೆ, ಕೆಲಸಕ್ಕೂ ಅದರ ಜೊತೆಗೇ ಹೋಗುತ್ತಾರೆ. ನಿನ್ನೆ ಅಟ್ಟದಿಂದ ಹಳೆಯ ಬೂಟು ಇಳಿಸಿ ಗ್ರೀಸು ಹಚ್ಚುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ನೀನೂ ಕೇಳಬೇಡ. ನನ್ನ ಸೊಂಟ ಪ್ರಯಾಣಕ್ಕೆ ಒಪ್ಪದು. ಏನೇನಾಯಿತೆಂದು ಒಂದೂ ಬಿಡದೆ ಬರೆ. ಅವರನ್ನು ಕೇಳಿದರೆ "ಹತ್ತಿದೆ, ಇಳಿದೆ" ಎಂದು ಮುಗಿಸುತ್ತಾರೆ.

ಅಮ್ಮ


ನಾಕ್‌ಡಾರಾ
2 ಆಗಸ್ಟ್ 1983

ನನ್ನ ಮುದ್ದು ಅಮ್ಮಾ,

ಒಂದೂ ಬಿಡುವುದಿಲ್ಲ, ಕುರ್ಚಿ ಎಳೆದುಕೊಂಡು ಕೂತುಕೋ.

ಅಪ್ಪ ಶನಿವಾರವೇ ಬಂದಿದ್ದ, ಆದರೆ ಉಳಿದದ್ದು ಅಡ್ಡರಸ್ತೆಯ ಹೆಂಡದಂಗಡಿಯ ಮಹಡಿಯಲ್ಲಿ. ತುದಿಯನ್ನು ತನ್ನ ಕಾಲಿನಿಂದಲೇ ನೋಡುವ ತನಕ ಡೋಲನ್ ಮನೆಯ ಹೊಸಿಲು ತುಳಿಯುವುದಿಲ್ಲವಂತೆ. ಕಲ್ಲು ಕಳಿಸಿದ್ದೆನಲ್ಲ ಎಂದರೆ, ಕಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ ಎಂದ. ಭಾನುವಾರ ಸಂಜೆ ಐದು ಗಂಟೆಯ ಡಬ್ಲಿನ್ ಬಸ್ಸಿಗೆ ಹೋಗಲೇಬೇಕೆಂದೂ ಹೇಳಿಬಿಟ್ಟ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೋಡಿದರೆ ಊರಿಗೆ ಊರೇ ನಮ್ಮ ಹಾಳುಮನೆಯ ಹಿತ್ತಿಲಲ್ಲಿ. ತುರಿಕೆಗಿಡವನ್ನು ಫಿಂಟನ್ ಹಿಂದಿನ ದಿನವೇ ಕೊಯ್ದಿದ್ದ. ಬಕೆಟ್ಟು, ಜಾಮಿನ ಜಾಡಿ, ಒಬ್ಬ ಮುದುಕಿಯ ಕೈಯಲ್ಲಿ ಮಗುವಿನ ಟೋಪಿ. ಕಳೆದ ಮೂವತ್ತು ವರ್ಷ ಈ ಜನ ಹಣ್ಣಿನ ಭಾನುವಾರ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಅಂಗಡಿಯ ಬನ್ನು ತಿಂದು ಮನೆಗೆ ಹೋಗುತ್ತಿದ್ದರಂತೆ. ಮಾವ ಗೋಡೆಯ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅವರಿಂದ ಹತ್ತಲಾಗದು. ಅಪ್ಪ ಅವರ ಮುಂದೆಯೇ ಹಾದು ಹೋದ. ಕಣ್ಣು ಗೋಡೆಯ ಮೇಲೆ, ಕೈ ಗೋಡೆಯ ಮೇಲೆ. ಊರೆಲ್ಲ ನೋಡುತ್ತಿತ್ತು.

ಯಾರೂ ಹೇಳದಿದ್ದರೂ ಅಪ್ಪನನ್ನು ಎಲ್ಲರೂ ಮುಂದೆ ಬಿಟ್ಟರು. ಗಿಲ್‌ಹೂಲಿಗಳು ಮುಂದೆ ನಡೆಯುವುದು ಪದ್ಧತಿಯಂತೆ. ಮುಳ್ಳುಮರದ ಹತ್ತಿರ ಟೋಪಿ ತೆಗೆದ, ಮತ್ತೆ ತಲೆಗೆ ಇಡಲೇ ಇಲ್ಲ. ಲಾರ್ಚ್ ಸಾಲಿಗೆ ಬಂದಾಗ ಅಮ್ಮಾ, ಅವನು ಒಂದೊಂದು ಮರವನ್ನೂ ಮುಟ್ಟುತ್ತ ಹೋದ, ಸಂಜೆ ದೊಡ್ಡಿಗೆ ಬಂದ ಕುರಿಗಳನ್ನು ಮುಟ್ಟುವವನ ಹಾಗೆ. ಒಂದು ತಿರುವಿನಲ್ಲಿ ನಿಂತ. ಇಲ್ಲಿ ನನ್ನಮ್ಮ ಯಾವಾಗಲೂ ಲಂಗ ಎತ್ತಿ ಕಟ್ಟಿಕೊಳ್ಳುತ್ತಿದ್ದಳು, ಮುಂದಿನದು ಕಡಿದು ಎಂದ. ನಿಜಕ್ಕೂ ಅಲ್ಲಿಂದ ಮುಂದೆ ಕಡಿದು. ನಾನು ಲಂಗ ಎತ್ತಿ ಕಟ್ಟಿಕೊಂಡೆ. ಹಿಂದಿದ್ದ ಹೆಂಗಸರೆಲ್ಲ ಕಟ್ಟಿಕೊಂಡರು.

ತುದಿಯಲ್ಲಿ ಜೇಬಿನಿಂದ ಬಿಳಿ ಕಲ್ಲು ತೆಗೆದು ಗುಪ್ಪೆಗೆ ಹಾಕಿದ. ಟಣ್ಣೆಂದಿತು. ಅಷ್ಟಕ್ಕೇ ಕಾದಿದ್ದವರಂತೆ ಮಕ್ಕಳು ಹಣ್ಣಿಗೆ ಮುಗಿಬಿದ್ದರು. ಯಾರೋ ಮೆಲೋಡಿಯನ್ ನುಡಿಸಿದರು, ಬಾಯಿಗಳೆಲ್ಲ ನೇರಳೆ, ಪಾದ್ರಿಯದ್ದೂ. ಫಿಂಟನ್ ನನ್ನನ್ನು ಎತ್ತಿ ತಿರುಗಿಸಿದ. ಅಪ್ಪ ಒಬ್ಬನೇ ಒಂದು ಪೊದೆಯ ಹತ್ತಿರ ಮಂಡಿಯೂರಿ, ಟೋಪಿ ತುಂಬುವ ತನಕ ಹಣ್ಣು ಬಿಡಿಸಿದ. ಒಂದನ್ನೂ ಬಾಯಿಗೆ ಹಾಕಲಿಲ್ಲ.

ಇಳಿದು ಬಂದಾಗ ಮಾವ ಅದೇ ಕುರ್ಚಿಯಲ್ಲಿದ್ದರು. ಅಪ್ಪ ನೇರ ಹೋಗಿ ಆ ಟೋಪಿಯನ್ನು ಅವರ ತೊಡೆಯ ಮೇಲಿಟ್ಟ.

"ನಿನ್ನ ಸಾಲು ನೆಟ್ಟಗಿಲ್ಲ ಕಣೋ," ಎಂದ.

ಮಾವ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡರು.

"ನಿಮ್ಮಮ್ಮ ನಡೀತಿದ್ದದ್ದೇ ಹಾಗೆ," ಎಂದರು. "ಮೂರು ಸಂಜೆ ಅವಳ ಹಿಂದೆ ನಡೆದು ಗೂಟ ಹೊಡೆದಿದ್ದೆ."

ಅಪ್ಪ ಗೋಡೆಯ ಮೇಲೆ ಕುಳಿತ. ಅವಳಿಗೆ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದರು ಮಾವ. ಗೂಟಗಳನ್ನು ಉಡಿಯಲ್ಲಿ ಹೊತ್ತವಳೇ ಅವಳು. ಮರ ಆಳೆತ್ತರ ಬಂದ ಮೇಲೆ ನನ್ನ ಮಗನಿಗೆ ಹೇಳು, ಈಗ ಹೇಳಿದರೆ ಅವನು ಸಿಟ್ಟಿನಲ್ಲಿ ಕಿತ್ತು ಹಾಕುತ್ತಾನೆ ಎಂದಿದ್ದಳಂತೆ.

ಅಪ್ಪ ಅಳುತ್ತಾನೆಂದುಕೊಂಡೆ. ಅವನು ನಕ್ಕುಬಿಟ್ಟ, ಅಮ್ಮಾ. ನಾನು ಹುಟ್ಟಿದಾಗಿನಿಂದ ಕೇಳಿರದ ನಗು, ಹೊಟ್ಟೆ ಹಿಡಿದುಕೊಂಡು. "ಕಿತ್ತೇ ಹಾಕ್ತಿದ್ದೆ," ಎಂದ.

ಮನೆಯಲ್ಲಿ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ. ನನ್ನ ಫ್ರಾಹನ್ ಕೇಕು ತಳ ಹತ್ತಿತ್ತು, ಎಲ್ಲರೂ ಹೊಗಳಿದರು. ಅಪ್ಪನ ಮುಂದೆ ಇಟ್ಟದ್ದು ಮದುವೆಯ ದಿನ ಖಾಲಿ ಉಳಿದ ಅದೇ ತಟ್ಟೆ. ಎರಡನೆಯ ಸಲ ಬಡಿಸಿಕೊಳ್ಳುವಾಗ ಹೊರಗೆ ಬಸ್ಸು ಬಂದು ನಿಂತಿತು. ಹಾರ್ನ್ ಹೊಡೆಯಿತು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮತ್ತೊಮ್ಮೆ ಹೊಡೆಯಿತು.

ಅಪ್ಪ ತಲೆಯೆತ್ತಲಿಲ್ಲ. "ಬಾರ್ನಿ," ಎಂದ, "ಆ ಉಪ್ಪು ಈ ಕಡೆ ಕೊಡು."

ಬಸ್ಸು ಹೋಯಿತು, ಅಮ್ಮಾ! ಈಗ ಅವರಿಬ್ಬರೂ ಅಂಗಳದಲ್ಲಿ ಕುಳಿತು ಕೋಳಿಗೂಡಿನ ತಗಡಿನ ಬಗ್ಗೆ ಜಗಳವಾಡುತ್ತಿದ್ದಾರೆ. ಇನ್ನೆರಡು ದಿನಕ್ಕೆ ಕಳಿಸಿಕೊಡುತ್ತೇನೆ, ಮನಸ್ಸು ಬಂದರೆ.

ಹಾರುತ್ತಲೇ ಇರುವ ನಿನ್ನ
ಡಿಂಪ್ನಾ


ಡ್ರಾಹೆಡಾ
3 ಅಕ್ಟೋಬರ್ 1983

ಬಾರ್ನಿ,

ಹೊಸ ತಗಡು ಗಾಳಿಗೆ ನಿಂತಿದೆಯೆಂದು ಮಗಳು ಬರೆದಿದ್ದಾಳೆ. ನಾನು ಹೇಳಿದ್ದೆ.

ಆ ಗೀಟನ್ನು ನಾನು ಹಳದಿಯಾಗಿ ನೋಡಿಲ್ಲ. ಬಣ್ಣ ಬಂದಾಗ ತಿಳಿಸು. ನನ್ನವಳ ಸೊಂಟ ಈಗ ವಾಸಿ, ಅವಳೂ ನೋಡಬೇಕಂತೆ.

ಮಾರ್ಟಿನ್


ನಾಕ್‌ಡಾರಾ
20 ಅಕ್ಟೋಬರ್ 1983

ಮಾರ್ಟಿನ್,

ಬಂದಿದೆ. ಬನ್ನಿ.

ಬಾರ್ನಿ